ಹಳದಿ ಮತ್ತು ಹಸುರು



ಬಣ್ಣದ ವಿಚಾರವನ್ನು ಕಣ್ಣಿಗೆ ತೋರಿಸದೆ ಕಿವಿಗೆ ಹೇಳಹೊರಡುವುದು ಸ್ವಲ್ಪ ಸಾಹಸದ ಕೆಲಸವೇ ಸರಿ. ಚಿತ್ರಕಾರನಾದರೆ ಬಣ್ಣ ಬಳಿದ ಒಂದು ಹಲಗೆಯನ್ನು ಎತ್ತಿ ಹಿಡಿದು ಸುಮ್ಮನಾಗಬಹುದು. ರೇಡಿಯೋದ ಮುಂದೆ ಕುಳಿತವನಿಗೆ ಆ ಸೌಕರ್ಯವಿಲ್ಲ. ಆದರೂ ಒಂದು ಅನುಕೂಲವುಂಟು. ನಾನು ‘ಹಳದಿ’ ಎಂದ ಕೂಡಲೆ ತಾವು ತಮ್ಮ ತಮ್ಮ ಮನಸ್ಸಿನೊಳಗಿಂದ ಒಂದು ಹಳದಿಯನ್ನು ತೆಗೆದಿಟ್ಟುಕೊಳ್ಳುವಿರಿ. ಒಬ್ಬರಿಗೆ ಅದು ಮಾಗಿದ ನಿಂಬೆಯ ಹಣ್ಣು, ಇನ್ನೊಬ್ಬರಿಗೆ ಹೊಸಿಲಿಗೆ ಬಳಿದ ಅರಿಸಿನ, ಮತ್ತೊಬ್ಬರಿಗೆ ಸೇವಂತಿಗೆ. ‘ಹಸುರು’ ಎಂದರೆ ಗಿಣಿಯ ರೆಕ್ಕೆಯೋ, ಬಾಳೆಯ ಸುಳಿಯೋ, ಮದುವೆಯ ಮನೆಯ ಗಾಜಿನ ಬಳೆಯೋ ಹೊಳೆದೀತು. ಬಣ್ಣವನ್ನು ನಾನು ಒದಗಿಸಬೇಕಾಗಿಲ್ಲ, ತಾವೇ ಒದಗಿಸುತ್ತೀರಿ. ಈ ಎರಡು ಬಣ್ಣಗಳನ್ನು, ಅದರಲ್ಲಿಯೂ ಅವುಗಳ ಉಜ್ಜ್ವಲವಾದ ರೂಪಗಳನ್ನು, ಬಟ್ಟೆಯಲ್ಲಿಯೋ ಗೋಡೆಯಲ್ಲಿಯೋ ಅಚ್ಚಿನ ಕಾಗದದಲ್ಲಿಯೋ ಒಟ್ಟಿಗೆ ಇಟ್ಟರೆ ಏನಾಗುತ್ತದೆ, ಹೇಗೆ ಇಟ್ಟರೆ ಚೆನ್ನು, ಎಂಬುದೇ ಈ ಹೊತ್ತಿನ ವಿಷಯ.

ನಾನು ಚಿತ್ರಕಾರನಲ್ಲ, ನೇಕಾರನಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವವನು. ಈ ವಿಷಯಕ್ಕೆ ನಾನು ಬಂದದ್ದು ಕಲಾಪ್ರೇಮದ ಬಾಗಿಲಿನಿಂದಲ್ಲ. ಒಂದು ತಪ್ಪಿನ ಬಾಗಿಲಿನಿಂದ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ವಿದ್ಯಾರ್ಥಿನಿಲಯದ ವಾರ್ಷಿಕೋತ್ಸವದಲ್ಲಿ ಊಟದ ವ್ಯವಸ್ಥೆ ನನ್ನ ಪಾಲಿಗೆ ಬಂದಿತ್ತು. ಜನ ಹೆಚ್ಚು, ಹಜಾರ ಚಿಕ್ಕದು. ಆದುದರಿಂದ ಎರಡು ಪಂಕ್ತಿಗಳು. ಮೊದಲನೆಯ ಪಂಕ್ತಿ ಹಿರಿಯ ಅತಿಥಿಗಳಿಗೆ, ಎರಡನೆಯದು ವಿದ್ಯಾರ್ಥಿಗಳಿಗೆ. ಎರಡು ಬಗೆಯ ಚೀಟಿಗಳನ್ನು ಅಚ್ಚು ಹಾಕಿಸಿದೆ. ಬಿಳಿಯ ಕಾಗದದಲ್ಲಿ ಕರಿಯ ಅಕ್ಷರವನ್ನು ಹಾಕಿಸುವುದು ನನಗೆ ಬಡತನವಾಗಿ ತೋರಿತು. ಒಂದು ಚೀಟಿಗೆ ನಿಂಬೆಹಳದಿಯ ಕಾಗದವನ್ನೂ ಇನ್ನೊಂದಕ್ಕೆ ಎಳೆಯ ಗಿಣಿಹಸುರಿನ ಕಾಗದವನ್ನೂ ಆರಿಸಿದೆ. ಮೇಜಿನ ಮೇಲೆ ಎರಡು ಕಟ್ಟುಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ವಸಂತಕಾಲವೇ ಬಂದು ಕುಳಿತಂತಿತ್ತು. ಪಂಕ್ತಿಯ ಹೆಸರನ್ನು ಅಚ್ಚು ಹಾಕಿಸಬೇಕೆಂದು ಕೂಡ ತೋರಲಿಲ್ಲ. ಬಣ್ಣವೇ ಹೇಳುವಾಗ ಅಕ್ಷರವೇಕೆ? ಚೀಟಿ ಹಂಚುವ ಕೆಲಸವನ್ನು ಒಬ್ಬ ವಿದ್ಯಾರ್ಥಿಗೆ ಒಪ್ಪಿಸಿದೆ. ಹಳ್ಳಿಯಿಂದ ಬಂದವನು, ಮಾತು ಕಡಮೆ, ಕೆಲಸ ಹೆಚ್ಚು. ಆದರೆ ಆ ದಿವಸ ಅವನು ಮಾಡಿದ ಅವಾಂತರ ಹೇಳತೀರದು. ಎಳೆಯ ಹುಡುಗರು ಮೊದಲನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತರು; ಎಪ್ಪತ್ತು ವರ್ಷದ ಹಿರಿಯರು ಹೊರಗೆ ಬಿಸಿಲಿನಲ್ಲಿ ನಿಂತರು. ನಾನು ಎಲ್ಲರೆದುರಿಗೂ ಅವನನ್ನು ಕರೆದು, “ಏನಯ್ಯ, ಕಣ್ಣು ಎಲ್ಲಿಟ್ಟಿದ್ದೆ?” ಎಂದು ಗದರಿಸಿದೆ. ಅವನು ಎರಡು ಚೀಟಿಗಳನ್ನೂ ಕೈಯಲ್ಲಿ ಹಿಡಿದುಕೊಂಡು, “ಎರಡೂ ಒಂದೇ ಬಣ್ಣ ಅಲ್ಲವೆ ಸಾರ್?” ಎಂದ. ಸುತ್ತ ಇದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆನೆಂದು ಹೇಳಿಕೊಳ್ಳಲು ಇಂದು ನಾಚಿಕೆಯಾಗುತ್ತದೆ. ಅವನು ಉದ್ಧಟತನದಿಂದ ಹಾಗೆ ಆಡಿದನೆಂದೇ ನಾನು ತಿಳಿದದ್ದು.

ಒಂದು ವರ್ಷ ಕಳೆದ ಮೇಲೆ ಅವನೇ ನನ್ನ ಮನೆಗೆ ಬಂದ. ಯಾವುದೋ ನೌಕರಿಗೆ ಆಯ್ಕೆಯಾಗಿ, ವೈದ್ಯಪರೀಕ್ಷೆಯಲ್ಲಿ ಹಿಂದಕ್ಕೆ ಕಳುಹಿಸಲ್ಪಟ್ಟಿದ್ದ. ಚುಕ್ಕೆಚುಕ್ಕೆಯ ಚಿತ್ರಗಳಿರುವ ಒಂದು ಪುಸ್ತಕವನ್ನು ಮುಂದಿಟ್ಟು ಅಂಕಿಗಳನ್ನು ಓದು ಎಂದರಂತೆ. ಅವನಿಗೆ ಚುಕ್ಕೆಗಳು ಕಂಡವು, ಅಂಕಿಗಳು ಕಾಣಲಿಲ್ಲ. ಜಪಾನಿನ ಇಷಿಹಾರ ಎಂಬ ನೇತ್ರವೈದ್ಯರು 1917ರಲ್ಲಿ ಪ್ರಕಟಿಸಿದ ಫಲಕಗಳು ಅವು. ಇಂದಿಗೂ ಲೋಕದಲ್ಲೆಲ್ಲ ವರ್ಣಾಂಧತೆಯನ್ನು ಪರೀಕ್ಷಿಸುವುದಕ್ಕೆ ಅವೇ ಬಳಕೆಯಲ್ಲಿವೆ. “ಅವತ್ತು ಚೀಟಿ ಯಾಕೆ ತಪ್ಪಾಯಿತು ಅಂತ ಈಗ ಗೊತ್ತಾಯಿತು ಸಾರ್, ಅದನ್ನು ಹೇಳಿ ಹೋಗೋಣ ಅಂತ ಬಂದೆ” ಎಂದ. ಕೆಲಸ ಹೋದದ್ದಕ್ಕಿಂತ ನಾನು ತಪ್ಪು ತಿಳಿದಿದ್ದೇನೆಂಬುದೇ ಅವನಿಗೆ ಹೆಚ್ಚಿನ ಕೊರಗಾಗಿತ್ತು. ಅಂದಿನಿಂದ ಈ ಎರಡು ಬಣ್ಣಗಳ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ.

ಮೊದಲು ಶಬ್ದವನ್ನೇ ನೋಡೋಣ; ಅದು ನನ್ನ ಕಸುಬಿಗೆ ಹತ್ತಿರವಾದದ್ದು. ‘ಹಳದಿ’ ಎಂಬುದು ಸಂಸ್ಕೃತದ ‘ಹರಿದ್ರಾ’ ಎಂಬ ಮಾತಿನಿಂದ ಪ್ರಾಕೃತದ ದಾರಿಯಲ್ಲಿ ನಮ್ಮಲ್ಲಿಗೆ ಬಂದದ್ದು. ಹರಿದ್ರಾ ಎಂದರೆ ಅರಿಸಿನ. ಅದೇ ಬಳಗದ ‘ಹರಿತ’ ಎಂಬ ಮಾತಿಗೆ ಹಸುರು ಎಂದೂ ಅರ್ಥ, ಹಳದಿ ಎಂದೂ ಅರ್ಥ. ಕನ್ನಡದ ಕಡೆಗೆ ಬಂದರೆ ‘ಹಸುರು’ ಹಳಗನ್ನಡದ ‘ಪಸುರ್’. ‘ಹಸಿ’ ಎಂಬ ಮಾತೂ ಅದರ ಒಡಹುಟ್ಟು. ಇದೇ ಬೇರಿನಿಂದ ತೆಲುಗಿನಲ್ಲಿ ‘ಪಸುಪು’ ಎಂಬ ಮಾತಾಗಿದೆ. ಅದರ ಅರ್ಥ ಮಾತ್ರ ಅರಿಸಿನ! ನಮಗೆ ಎಲೆಯಾದದ್ದು ನಮ್ಮ ನೆರೆಯವರಿಗೆ ಕೊಂಬಾಯಿತು. ತಮಿಳರು ಇದೇ ಧಾತುವಿನ ಮಾತನ್ನು ಹೊಸ ಚಿನ್ನಕ್ಕೂ ಹೇಳುವುದುಂಟು. ಯೂರೋಪಿನ ಕಡೆ ತಿರುಗಿದರೂ ಇದೇ ಕಥೆ. ಇಂಗ್ಲಿಷಿನ ‘ಯೆಲ್ಲೊ’ ಎಂಬ ಮಾತು ನಮ್ಮ ‘ಹರಿ’ ಎಂಬುದಕ್ಕೆ ದೂರದ ದಾಯಾದಿ. ಗ್ರೀಕರ ‘ಖ್ಲೋರೋಸ್’ ಎಂಬುದೂ ಅದೇ ಮನೆತನದ್ದು. ಆ ಗ್ರೀಕ್ ಶಬ್ದ ಹಳದಿಗೂ ಹಸುರಿಗೂ ನಡುವೆ ಎಲ್ಲಿ ಬೇಕಾದರೂ ನಿಲ್ಲಬಲ್ಲದು. ಎಲೆಯ ಹಸುರಿಗೆ ವಿಜ್ಞಾನಿಗಳು ಕೊಟ್ಟ ‘ಕ್ಲೋರೊಫಿಲ್’ ಎಂಬ ಹೆಸರೂ, ಹಸುರುಮಿಶ್ರಿತ ಹಳದಿಯ ಬಣ್ಣವುಳ್ಳ ‘ಕ್ಲೋರಿನ್’ ಎಂಬ ಅನಿಲದ ಹೆಸರೂ ಅಲ್ಲಿಂದಲೇ ಹೊರಟವು.

ಎರಡು ಬೇರೆ ಬೇರೆ ಭಾಷಾಕುಲಗಳ ಹಿರಿಯರು ಹಳದಿಗೂ ಹಸುರಿಗೂ ನಡುವೆ ಗೋಡೆ ಕಟ್ಟದೆ ಒಂದೇ ಅಂಗಳವನ್ನು ಬಿಟ್ಟಿದ್ದರು ಎಂದಾಯಿತು. ಅವರ ಕಣ್ಣಿಗೆ ಭೇದ ತಿಳಿಯುತ್ತಿರಲಿಲ್ಲವೆಂದು ಇದರಿಂದ ತಿಳಿಯಬಾರದು. ಭತ್ತದ ಗದ್ದೆ ಹಸುರಾಗಿದ್ದು ಹಳದಿಗೆ ತಿರುಗುವುದನ್ನು ನೋಡುತ್ತ ಬಾಳಿದವರಿಗೆ, ಇದು ಎಲ್ಲಿ ಮುಗಿದು ಅದು ಎಲ್ಲಿ ಮೊದಲಾಯಿತೆಂದು ಗೆರೆ ಎಳೆಯುವ ಅವಸರವಿರಲಿಲ್ಲವೆಂದು ನನ್ನ ಊಹೆ.

ಇನ್ನು ಕಣ್ಣಿನ ವಿಷಯ. ಬೆಳಕಿನ ಅಲೆಗಳ ಉದ್ದವನ್ನು ಮೀಟರಿನ ನೂರು ಕೋಟಿಯಲ್ಲೊಂದು ಭಾಗವಾದ ನ್ಯಾನೊಮೀಟರಿನಿಂದ ಅಳೆಯುತ್ತಾರೆ. ಸುಮಾರು 400ರಿಂದ 700ರವರೆಗೆ ನಮ್ಮ ಕಣ್ಣಿಗೆ ಗೋಚರ. ಹಗಲಿನ ಬೆಳಕಿನಲ್ಲಿ ನಮ್ಮ ದೃಷ್ಟಿ ಅತ್ಯಂತ ಚುರುಕಾಗಿರುವುದು 555ರ ಸುತ್ತ. ಅದು ಹಳದಿಗೆ ವಾಲಿದ ಹಸುರಿನ ಸ್ಥಾನ. ಒಂದೇ ಶಕ್ತಿಯುಳ್ಳ ಕೆಂಪು ಕಿರಣ, ನೀಲಿ ಕಿರಣ, ಹಳದಿಹಸುರು ಕಿರಣ ಈ ಮೂರನ್ನೂ ತೋರಿಸಿದರೆ ಮೂರನೆಯದೇ ಹೆಚ್ಚು ಪ್ರಕಾಶವಾಗಿ ಕಾಣುತ್ತದೆ. ರಸ್ತೆಯಲ್ಲಿ ಕೆಲಸ ಮಾಡುವವರೂ ಪೊಲೀಸರೂ ತೊಡುವ ಹೊಳೆಯುವ ಮೇಲಂಗಿಗೆ ಈ ಬಣ್ಣವನ್ನು ಆರಿಸಿರುವುದು ಅಂದಕ್ಕಾಗಿ ಅಲ್ಲ. ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿ ಕಾಣುವ ಬೆಳಕಾಗಿ ಮರಳಿ ಬಿಡುವ ದ್ರವ್ಯ ಆ ಬಟ್ಟೆಯಲ್ಲಿ ಸೇರಿರುವುದರಿಂದ, ಮೋಡ ಕವಿದ ದಿನವೂ ಅದು ಬೆಂಕಿ ಹೊತ್ತಿದ ಹಾಗೆ ಕಾಣುತ್ತದೆ. ಟೆನಿಸ್ ಚೆಂಡು ಮೊದಲು ಬಿಳಿಯದಾಗಿತ್ತು. ಬಣ್ಣದ ಟೆಲಿವಿಷನ್ನಿನಲ್ಲಿ ನೋಡುವವರಿಗೆ ಚೆನ್ನಾಗಿ ಕಾಣಲೆಂದು 1972ರಲ್ಲಿ ಅಂತರರಾಷ್ಟ್ರೀಯ ನಿಯಮಗಳಲ್ಲಿ ಹಳದಿಗೆ ಅವಕಾಶವಾಯಿತು. ಸಂಪ್ರದಾಯವನ್ನು ಬಿಡಲೊಲ್ಲದ ವಿಂಬಲ್ಡನ್ ಮಾತ್ರ 1986ರವರೆಗೆ ಬಿಳಿಯ ಚೆಂಡನ್ನೇ ಹಿಡಿದುಕೊಂಡಿತ್ತು. ಹಸುರು ಹುಲ್ಲಿನ ಮೇಲೆ ಹಳದಿಯ ಚೆಂಡು: ಇದೂ ನಮ್ಮ ಇಂದಿನ ಜೋಡಿಯೇ.

ಈ ಚುರುಕುತನ ಎಲ್ಲಿಂದ ಬಂದಿತು ಎಂದರೆ, ಕಣ್ಣಿನ ಹಿಂದಿನ ಪರದೆಯಲ್ಲಿ ಬಣ್ಣವನ್ನು ಗ್ರಹಿಸುವ ಮೂರು ಬಗೆಯ ಶಂಕುಕಣಗಳಿವೆ. ಒಂದು ನೀಲಿಯ ಕಡೆಯದು. ಉಳಿದೆರಡು ಒಂದಕ್ಕೊಂದು ಬಹಳ ಹತ್ತಿರದವು; ಒಂದರ ಶಿಖರ 530ರ ಹತ್ತಿರ, ಮತ್ತೊಂದರದು 560ರ ಹತ್ತಿರ. ಹಳದಿಗೂ ಹಸುರಿಗೂ ನಡುವಣ ವ್ಯತ್ಯಾಸವನ್ನು ನಮ್ಮ ಮೆದುಳು ತಿಳಿಯುವುದು ಮುಖ್ಯವಾಗಿ ಈ ಎರಡು ಸಾಕ್ಷಿಗಳ ಹೇಳಿಕೆಯಲ್ಲಿರುವ ಸ್ವಲ್ಪವೇ ಭೇದದಿಂದ. ಅವುಗಳಲ್ಲಿ ಒಂದು ಇಲ್ಲದೆಹೋದರೆ, ಅಥವಾ ಎರಡೂ ಒಂದೇ ಮಾತನ್ನಾಡತೊಡಗಿದರೆ, ಎಳೆಹಸುರು, ಹಳದಿ, ಕಿತ್ತಿಳೆ ಎಲ್ಲವೂ ಒಂದೇ ಬಣ್ಣದ ಹೆಚ್ಚುಕಡಮೆಗಳಾಗಿಬಿಡುತ್ತವೆ. ಈ ಎರಡು ಕಣಗಳ ಬೀಜಾಂಶ ಇರುವುದು ಎಕ್ಸ್ ಎಂಬ ವರ್ಣತಂತುವಿನಲ್ಲಿ, ಪಕ್ಕಪಕ್ಕದಲ್ಲಿ. ಗಂಡಸಿಗೆ ಅದು ಒಂದೇ. ಹೆಂಗಸಿಗೆ ಎರಡು, ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಯೂರೋಪಿನ ಮೂಲದ ಜನರಲ್ಲಿ ನೂರಕ್ಕೆ ಎಂಟು ಮಂದಿ ಗಂಡಸರಿಗೂ, ಇನ್ನೂರಕ್ಕೆ ಸುಮಾರು ಒಬ್ಬಳು ಹೆಂಗಸಿಗೂ ಈ ಬಗೆಯ ನ್ಯೂನತೆ ಇದೆಯೆಂದು ಲೆಕ್ಕ ಹಾಕಿದ್ದಾರೆ. ಸೀರೆಯ ಬಣ್ಣವನ್ನು ಆರಿಸುವಾಗ ಯಜಮಾನರನ್ನು ಕೇಳದಿರುವುದಕ್ಕೆ ಗೃಹಿಣಿಯರಿಗೆ ಒಂದು ಶಾಸ್ತ್ರೀಯವಾದ ಕಾರಣ ದೊರೆಯಿತೆನ್ನಬಹುದು.

ಈ ಸಂಗತಿಯನ್ನು ಮೊದಲು ಶಾಸ್ತ್ರಬದ್ಧವಾಗಿ ಬರೆದವರಲ್ಲಿ ಮುಖ್ಯನು ಪರಮಾಣುವಾದದ ಜಾನ್ ಡಾಲ್ಟನ್. ಆತ ಬರೆದದ್ದು ಇತರರನ್ನು ನೋಡಿ ಅಲ್ಲ; ತನ್ನನ್ನೇ ನೋಡಿಕೊಂಡು. ಹಗಲಿನಲ್ಲಿ ತನಗೆ ನೀಲಿಯಾಗಿ ಕಾಣುತ್ತಿದ್ದ ಜೆರೇನಿಯಂ ಹೂವು ಮೇಣದ ಬತ್ತಿಯ ಬೆಳಕಿನಲ್ಲಿ ಕೆಂಪಿಗೆ ತಿರುಗಿದುದನ್ನು 1792ರಲ್ಲಿ ಕಂಡು ಆತ ಬೆರಗಾದನು. ಸ್ನೇಹಿತರನ್ನು ಕೇಳಿದರೆ ಅಂಥ ಬದಲಾವಣೆ ಯಾರಿಗೂ ಕಾಣಲಿಲ್ಲ. ಅವನ ಸೋದರನಿಗೊಬ್ಬನಿಗೆ ಮಾತ್ರ ಕಂಡಿತು. 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯೊಂದರ ಮುಂದೆ ಓದಿದ ಪ್ರಬಂಧದಲ್ಲಿ, ಇತರರು ಕಿತ್ತಿಳೆ, ಹಳದಿ, ಹಸುರು ಎಂದು ವಿಂಗಡಿಸುವುದೆಲ್ಲ ತನಗೆ ಹಳದಿಯ ಬೇರೆ ಬೇರೆ ಛಾಯೆಗಳಾಗಿಯೇ ತೋರುತ್ತವೆಂದು ಆತ ಹೇಳಿದನು. ತನ್ನ ಕಣ್ಣಿನೊಳಗಿನ ದ್ರವಕ್ಕೆ ನೀಲಿಯ ಬಣ್ಣವಿರಬೇಕೆಂದು ಆತನ ಎಣಿಕೆ. ಸತ್ತ ಮೇಲೆ ಕಣ್ಣನ್ನು ತೆಗೆದು ನೋಡಬೇಕೆಂದು ಹೇಳಿಟ್ಟಿದ್ದನು. 1844ರಲ್ಲಿ ಹಾಗೆಯೇ ಮಾಡಿದರು, ದ್ರವ ತಿಳಿಯಾಗಿತ್ತು. ಜೋಪಾನವಾಗಿ ಉಳಿದಿದ್ದ ಆ ಕಣ್ಣಿನ ಚೂರಿನಿಂದ 1995ರಲ್ಲಿ ಬೀಜಾಂಶವನ್ನು ಪರೀಕ್ಷಿಸಿದಾಗ, ನಡುವಣ ಶಂಕುಕಣದ ಬೀಜಾಂಶವೇ ಇಲ್ಲವೆಂದು ಗೊತ್ತಾಯಿತು. ಅಷ್ಟು ದೊಡ್ಡ ವಿಜ್ಞಾನಿಯ ಕೈಯಲ್ಲಿ ನನ್ನ ಚೀಟಿಗಳನ್ನು ಕೊಟ್ಟಿದ್ದರೂ ಹಿರಿಯರು ಬಿಸಿಲಿನಲ್ಲಿಯೇ ನಿಲ್ಲಬೇಕಾಗಿತ್ತು.

ಈಗ ವರ್ಣದ್ರವ್ಯಗಳ ಮಾತು. ಉಜ್ಜ್ವಲವಾದ ಹಳದಿ, ಉಜ್ಜ್ವಲವಾದ ಹಸುರು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಪ್ರಕೃತಿಯಲ್ಲಿ ಹಸುರಿಗೆ ಬರವಿಲ್ಲ. ಆದರೆ ಎಲೆಯನ್ನು ಅರೆದು ಬಟ್ಟೆಗೆ ಹಚ್ಚಿದರೆ ಆ ಹಸುರು ನಾಲ್ಕು ದಿನದಲ್ಲಿ ಕಂದಿಹೋಗುತ್ತದೆ. ಹಿಂದಿನ ಬಣ್ಣಗಾರರು ಹಸುರನ್ನು ಎರಡು ಮೆಟ್ಟಿಲಲ್ಲಿ ಪಡೆಯುತ್ತಿದ್ದರು: ಮೊದಲು ನೀಲಿಯಲ್ಲಿ ಅದ್ದಿ, ಅನಂತರ ಹಳದಿಯನ್ನು ಏರಿಸುವುದು. ನಮ್ಮ ಕಲಂಕಾರಿಯವರ ಕ್ರಮವೂ ಇದೇ. ಇಂಗ್ಲೆಂಡಿನ ಕಥೆಗಳಲ್ಲಿ ರಾಬಿನ್ ಹುಡ್ ಮತ್ತು ಆತನ ಸಂಗಡಿಗರು ತೊಟ್ಟಿದ್ದರೆನ್ನುವ ಲಿಂಕನ್ ಹಸುರೂ ಹೀಗೆಯೇ, ವೋಡ್ ಎಂಬ ಗಿಡದ ನೀಲಿಯ ಮೇಲೆ ವೆಲ್ಡ್ ಎಂಬ ಗಿಡದ ಹಳದಿ. ಆದರೆ ಈ ದಾಂಪತ್ಯದಲ್ಲಿ ನೀಲಿ ದೀರ್ಘಾಯುಷಿ, ಹಳದಿ ಅಲ್ಪಾಯುಷಿ. ಯೂರೋಪಿನ ಅರಮನೆಗಳ ಹಳೆಯ ಚಿತ್ರಗಂಬಳಿಗಳಲ್ಲಿ ಕಾಡಿನ ಮರಗಳೆಲ್ಲ ನೀಲಿಯ ಎಲೆ ಬಿಟ್ಟು ನಿಂತಿರುವುದನ್ನು ನೋಡಿ ಅದು ಕವಿಸಮಯವೆಂದು ಕೆಲವರು ತಿಳಿಯುವುದುಂಟು. ಕವಿಸಮಯವೇನೂ ಅಲ್ಲ, ಮೇಲಿನ ಹಳದಿ ಬೆಳಕಿಗೆ ಹಾರಿಹೋಗಿ ಕೆಳಗಿನ ನೀಲಿ ಉಳಿದಿದೆ. ನಮ್ಮ ಅರಿಸಿನವೂ ಬಿಸಿಲಿಗೆ ನಿಲ್ಲುವಂಥದಲ್ಲ. ಸುಣ್ಣ ಸೋಂಕಿದರಂತೂ ಅದು ಹಳದಿಯನ್ನೇ ಬಿಟ್ಟು ಓಕುಳಿಯ ಕೆಂಪಾಗುವುದನ್ನು ಪ್ರತಿಯೊಂದು ಆರತಿಯ ತಟ್ಟೆಯಲ್ಲಿಯೂ ನೋಡಿದ್ದೇವೆ.

ಆದುದರಿಂದ ಮಾಸದ ಹಸುರಿಗಾಗಿ ಜನ ಹಂಬಲಿಸಿದ್ದು ಸಹಜ. ಆ ಹಂಬಲ ತಂದ ಅನರ್ಥವನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1775ರಲ್ಲಿ ಸ್ವೀಡನ್ನಿನ ಷೀಲೆ ಎಂಬ ರಸಾಯನಶಾಸ್ತ್ರಜ್ಞನು ತಾಮ್ರ ಮತ್ತು ಪಾಷಾಣಗಳ ಸಂಯೋಗದಿಂದ ಒಂದು ಹೊಸ ಹಸುರನ್ನು ಮಾಡಿದನು. 1814ರಲ್ಲಿ ಜರ್ಮನಿಯಲ್ಲಿ ಇನ್ನೂ ಕಾಂತಿಯುಳ್ಳ ಮತ್ತೊಂದು ಬಂದಿತು, ಅದೂ ಪಾಷಾಣದ್ದೇ. ಪಚ್ಚೆಯ ಕಲ್ಲಿನಂತೆ ಹೊಳೆಯುವ ಈ ಹಸುರು ಗೋಡೆಯ ಕಾಗದಕ್ಕೆ, ನರ್ತನದ ಉಡುಪಿಗೆ, ಮಕ್ಕಳ ಆಟದ ಸಾಮಾನಿಗೆ, ಮಿಠಾಯಿಗೆ ಕೂಡ ಹತ್ತಿತು. ತೇವವುಳ್ಳ ಗೋಡೆಯ ಮೇಲೆ ಬೂಷ್ಟು ಬೆಳೆದಾಗ ಆ ಕಾಗದದಿಂದ ವಿಷವಾಯು ಹೊರಡಬಹುದೆಂಬುದು ಆ ಶತಮಾನದ ಕಡೆಯಲ್ಲಿ ತಿಳಿಯಿತು. ಕಾಗದವನ್ನು ಕೊಂಡವರಿಗಿಂತ ಹೆಚ್ಚು ಕಷ್ಟಪಟ್ಟವರು ಅದನ್ನು ಮಾಡಿದವರು. 1861ರಲ್ಲಿ ಲಂಡನ್ನಿನಲ್ಲಿ ಮಟಿಲ್ಡಾ ಷೂರರ್ ಎಂಬ ಹತ್ತೊಂಬತ್ತು ವರ್ಷದ ಹುಡುಗಿ ಸತ್ತಳು. ಶ್ರೀಮಂತರ ಟೋಪಿಗಳಿಗೆ ಸಿಕ್ಕಿಸುವ ಕೃತಕ ಎಲೆಗಳ ಮೇಲೆ ಈ ಹಸುರು ಪುಡಿಯನ್ನು ಉದುರಿಸುವುದು ಅವಳ ಕೆಲಸ. ಕಡೆಗಾಲದಲ್ಲಿ ಅವಳ ಕಣ್ಣಿನ ಬಿಳುಪೂ ಹಸುರಾಗಿತ್ತೆಂದು ಆಗಿನ ಪತ್ರಿಕೆಗಳು ಬರೆದವು.

ಹಳದಿಯ ಚರಿತ್ರೆಯೂ ಇದಕ್ಕಿಂತ ಪರಿಶುದ್ಧವಾದುದಲ್ಲ. 1797ರಲ್ಲಿ ಫ್ರಾನ್ಸಿನ ವೋಕ್ಲೆಂ ಎಂಬಾತನು ಸೈಬೀರಿಯದ ಒಂದು ಕೆಂಪು ಖನಿಜದಲ್ಲಿ ಕ್ರೋಮಿಯಂ ಎಂಬ ಹೊಸ ಲೋಹವನ್ನು ಕಂಡುಹಿಡಿದನು. ಅದನ್ನು ಸೀಸದೊಡನೆ ಸೇರಿಸಿದಾಗ ಬಂದದ್ದು ಕ್ರೋಮ್ ಹಳದಿ. ವಾನ್ ಗೋ 1888ರಲ್ಲಿ ಬರೆದ ಸೂರ್ಯಕಾಂತಿಗಳಲ್ಲಿ ಇದೇ ಹಳದಿ. ಅದರ ಕೆಲವು ಭಾಗಗಳು ಈಗ ಕಂದುಬಣ್ಣಕ್ಕೆ ತಿರುಗುತ್ತಿವೆ. 1939ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಸೈರ್ ಎಂಬ ಅಧ್ಯಾಪಕರು ಒಂದು ಸಭೆ ಕೂಡಿಸಿ, ಬಣ್ಣದ ಪಟ್ಟಿಗಳನ್ನು ಗೋಡೆಗೆ ತೂಗಹಾಕಿ, ಶಾಲೆಯ ಮಕ್ಕಳ ಬಸ್ಸಿಗೆ ಈ ಜಾತಿಯ ಹಳದಿಯನ್ನು ಆರಿಸಿದರು. ಮುಂಜಾವಿನ ಮಬ್ಬಿನಲ್ಲಿಯೂ ಹಳದಿಯ ಮೇಲಿನ ಕರಿಯ ಅಕ್ಷರ ಓದಲು ಬರುತ್ತದೆಂಬುದು ಕಾರಣ. ಅದು ಈ ಬಣ್ಣದ ಸದುಪಯೋಗ. ದುರುಪಯೋಗ ನಮಗೆ ಇನ್ನೂ ಹತ್ತಿರದ್ದು. ಬಾಂಗ್ಲಾದೇಶದಲ್ಲಿ ಮಳೆಗೆ ನೆನೆದು ಕಳೆಗುಂದಿದ ಅರಿಸಿನದ ಕೊಂಬಿಗೆ ಮೆರುಗು ಕೊಡಲು ಇದೇ ಸೀಸದ ಹಳದಿಯನ್ನು ತಿಕ್ಕುವ ಪದ್ಧತಿ 1980ರ ದಶಕದಿಂದ ಬೆಳೆದುಬಂದಿತ್ತು. ತಿಕ್ಕುವವರಿಗೂ ಅದು ವಿಷವೆಂದು ಬಹುಮಟ್ಟಿಗೆ ತಿಳಿಯದು. ಕೊಳ್ಳುವವರಿಗೆ ಹಳದಿ ಗಾಢವಾಗಿದ್ದರೆ ಸಾಕು. ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಗೆ ಸೀಸ ಎಷ್ಟು ಹಾನಿಕರವೆಂಬುದನ್ನು ತಾವು ಬಲ್ಲಿರಿ. 2019ರಲ್ಲಿ ಸಂಶೋಧಕರು ಇದನ್ನು ಬಯಲಿಗೆ ತಂದರು. ಸರ್ಕಾರ ಮಾರುಕಟ್ಟೆಗಳನ್ನು ಶೋಧಿಸಿ ದಂಡ ಹಾಕಿತು. ಪೇಟೆಯ ಮಾದರಿಗಳಲ್ಲಿ 2019ರಲ್ಲಿ ನೂರಕ್ಕೆ 47ರಲ್ಲಿದ್ದ ಸೀಸ 2021ರಲ್ಲಿ ಒಂದರಲ್ಲಿಯೂ ಕಾಣಲಿಲ್ಲ. ಇಷ್ಟು ಬೇಗ ಒಂದು ಕೆಡುಕು ತೊಲಗಿದುದು ಅಪರೂಪ. ನಮ್ಮ ಕಡೆಯೂ ಅಂಗಡಿಯ ಲಾಡು ಜಿಲೇಬಿಗಳಲ್ಲಿ ನಿಷಿದ್ಧವಾದ ಮೆಟಾನಿಲ್ ಹಳದಿ ಆಗಾಗ ಸಿಕ್ಕಿಬೀಳುವುದುಂಟು. ನಮ್ಮ ಕಣ್ಣು ಎದ್ದುಕಾಣುವ ಹಳದಿಯನ್ನೇ ಕೇಳುವುದರಿಂದ ತಾನೆ ವರ್ತಕನು ಅದನ್ನು ಬೆರೆಸುವುದು?

ವಿನ್ಯಾಸದ ವಿಷಯಕ್ಕೆ ಬರೋಣ. ಪ್ಯಾರಿಸಿನ ಗೋಬ್ಲೆಂ ಎಂಬ ಹೆಸರಾದ ನೇಯ್ಗೆಯ ಕಾರ್ಖಾನೆಯಲ್ಲಿ 1824ರಿಂದ ಬಣ್ಣದ ಶಾಖೆಗೆ ಅಧಿಕಾರಿಯಾಗಿದ್ದವನು ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞ. ಆತ 1786ರಲ್ಲಿ ಹುಟ್ಟಿ 1889ರಲ್ಲಿ ಸತ್ತನು; ಒಂದು ನೂರು ವರ್ಷ ಸಾಲದೆಂದು ಇನ್ನೂ ಸ್ವಲ್ಪ ಬದುಕಿದ ಮನುಷ್ಯ. ಕಪ್ಪು ದಾರ ಮಂಕಾಗಿದೆಯೆಂದು ನೇಕಾರರು ದೂರಿತ್ತಾಗ ಆತ ಪರೀಕ್ಷಿಸಿ, ತಪ್ಪು ದಾರದ್ದಲ್ಲ, ಪಕ್ಕದ ದಾರದ್ದು ಎಂದು ಕಂಡುಕೊಂಡನು. ಬಣ್ಣ ತನ್ನ ನೆರೆಯ ಬಣ್ಣವನ್ನು ತನ್ನಿಂದ ದೂರಕ್ಕೆ ತಳ್ಳುತ್ತದೆ. 1839ರಲ್ಲಿ ಇದನ್ನು ಆತ ದೊಡ್ಡ ಗ್ರಂಥವಾಗಿ ಬರೆದನು. ಹಳದಿಯ ಪಕ್ಕದಲ್ಲಿ ಹಸುರನ್ನಿಟ್ಟರೆ ಹಳದಿ ಕಿತ್ತಿಳೆಯ ಕಡೆಗೂ ಹಸುರು ನೀಲಿಯ ಕಡೆಗೂ ಸರಿದಂತೆ ಕಾಣುತ್ತದೆ. ಅಂಗಡಿಯಲ್ಲಿ ಒಂಟಿಯಾಗಿ ಚೆನ್ನಾಗಿದ್ದ ರವಿಕೆಯ ಬಟ್ಟೆ ಮನೆಗೆ ಬಂದು ಸೀರೆಯೊಡನೆ ಸೇರಿದಾಗ ಬೇರೆಯೇ ಆಗಿ ಕಾಣುವುದಕ್ಕೆ ಅಂಗಡಿಯವನನ್ನು ಬೈಯುವ ಮೊದಲು ಷೆವ್ರಲನನ್ನು ನೆನೆಯಬೇಕು.

ಎರಡನೆಯ ಸಂಗತಿ ಬೆಳಕಿನ ಅಂತಸ್ತಿನದು. ಪ್ರತಿಯೊಂದು ಬಣ್ಣವೂ ತಾನು ಪೂರ್ಣವಾಗಿ ತಾನಾಗಿರುವಾಗ ಒಂದೊಂದು ಎತ್ತರದಲ್ಲಿ ನಿಲ್ಲುತ್ತದೆ. ನೀಲಿ ಕೆಳಗೆ, ಕತ್ತಲೆಯ ಹತ್ತಿರ. ಹಳದಿ ಎಲ್ಲಕ್ಕಿಂತ ಮೇಲೆ, ಬಿಳುಪಿನ ಹತ್ತಿರ. ಹಳದಿಯನ್ನು ಕತ್ತಲೆಗೆ ಇಳಿಸಿದರೆ ಅದು ಹಳದಿಯಾಗಿ ಉಳಿಯುವುದಿಲ್ಲ, ಕೆಸರಿನ ಬಣ್ಣವಾಗುತ್ತದೆ. ಆದುದರಿಂದಲೇ ಬಿಳಿಯ ಗೋಡೆಯ ಮೇಲೆ ಹಳದಿಯ ಅಕ್ಷರ ಬರೆದರೆ ಓದಲಾಗದು. ಹಸುರಿಗೆ ಈ ಕಟ್ಟಿಲ್ಲ. ಅದು ಎಳೆಬಾಳೆಯ ಎತ್ತರದಲ್ಲಿಯೂ ಹಲಸಿನ ಎಲೆಯ ಆಳದಲ್ಲಿಯೂ ಹಸುರೇ. ಎಂದ ಮೇಲೆ, ಈ ಜೋಡಿಯಲ್ಲಿ ಹೊಂದಿಕೊಳ್ಳಬೇಕಾದದ್ದು ಹಸುರು. ಹಳದಿ ಮೇಲೆ ಕುಳಿತಿರಲಿ, ಹಸುರು ಕೆಳಗಿಳಿಯಲಿ. ಎರಡನ್ನೂ ಒಂದೇ ಎತ್ತರಕ್ಕೆ ಏರಿಸಿದವನು ನಾನು. ಫಲವನ್ನು ಆಗಲೇ ಹೇಳಿದ್ದೇನೆ. ಇದನ್ನು ಪರೀಕ್ಷಿಸಲು ಸುಲಭವಾದ ಉಪಾಯವೊಂದಿದೆ. ಎರಡು ಬಣ್ಣಗಳನ್ನೂ ಸೇರಿಸಿ ಕಪ್ಪು ಬಿಳುಪಿನ ಛಾಯಾಚಿತ್ರ ತೆಗೆಯುವುದು. ಚಿತ್ರದಲ್ಲಿ ಎರಡೂ ಒಂದೇ ಬೂದಿಯ ಬಣ್ಣವಾಗಿ ಕಂಡರೆ ಆ ವಿನ್ಯಾಸವನ್ನು ನಂಬಬಾರದು.

ಮೂರನೆಯದು ಅಳತೆ. ಇದಕ್ಕೆ ನಾನು ಗ್ರಂಥಗಳಿಗಿಂತ ನಮ್ಮ ಹೊಲಗಳನ್ನೇ ಹೆಚ್ಚಾಗಿ ನಂಬುತ್ತೇನೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೈಸೂರು ಸೀಮೆಯ ರಾಗಿಯ ಹೊಲಗಳ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತಿದ ಹುಚ್ಚೆಳ್ಳು ಹೂ ಬಿಡುತ್ತದೆ. ಆ ಹಳದಿಯಷ್ಟು ತೀಕ್ಷ್ಣವಾದ ಹಳದಿಯನ್ನು ಯಾವ ಅಂಗಡಿಯೂ ಮಾರಲಾರದು. ಆದರೂ ಕಣ್ಣಿಗೆ ನೋವಿಲ್ಲ. ಏಕೆಂದರೆ ರಾಗಿಯ ಹಸುರು ಗಿಣಿಹಸುರಲ್ಲ. ತಗ್ಗಿದ, ಬೂದಿ ಬೆರೆತ, ವಿಶಾಲವಾದ ಹಸುರು. ಹಳದಿ ಸಾಲುಸಾಲಾಗಿ ಸ್ವಲ್ಪವೇ ಇದೆ. ಬಡಾಯಿ ಕೊಚ್ಚಿಕೊಳ್ಳುವವನಿಗೆ ಮಾತನಾಡಲು ಐದು ನಿಮಿಷ ಕೊಟ್ಟು, ಸಭೆಯನ್ನೆಲ್ಲ ಮೌನಿಗಳಿಂದ ತುಂಬಿದ ಹಾಗೆ. ಸೀರೆಯಲ್ಲಿ ನಮ್ಮ ನೇಕಾರರು ಮಾಡುವುದೂ ಇದೇ: ಒಡಲೆಲ್ಲ ಒಂದು ಬಣ್ಣ, ಅಂಚು ಸೆರಗುಗಳಲ್ಲಿ ಇನ್ನೊಂದು, ಅರ್ಧಕ್ಕರ್ಧ ಹಂಚಿದರೆ ಅದು ಸೀರೆಯಲ್ಲ, ವ್ಯಾಜ್ಯ. ಅವರ ಇನ್ನೊಂದು ಜಾಣತನವನ್ನೂ ಹೇಳಬೇಕು. ರೇಷ್ಮೆಯಲ್ಲಿ ಹಾಸು ಹಳದಿಯಾಗಿ ಹೊಕ್ಕು ಹಸುರಾಗಿದ್ದರೆ, ಉಟ್ಟವರು ನಡೆಯುವಾಗ ನಿರಿಗೆಯ ಏರು ಒಂದು ಬಣ್ಣವಾಗಿಯೂ ಇಳಿಜಾರು ಮತ್ತೊಂದಾಗಿಯೂ ಮಿಂಚುತ್ತದೆ. ಅಲ್ಲಿ ಎರಡು ಬಣ್ಣಗಳು ಬೆರೆತಿಲ್ಲ, ಬೇರೆಯೂ ಆಗಿಲ್ಲ; ‘ಹರಿತ’ ಎಂಬ ಹಳೆಯ ಮಾತಿಗೆ ತಕ್ಕ ಬಟ್ಟೆ.

ಪರದೇಶದ ಒಂದು ಉದಾಹರಣೆಯನ್ನು ಹೇಳದೆ ಬಿಡಲಾರೆ. ಬ್ರೆಜಿಲ್ ದೇಶದ ಬಾವುಟದಲ್ಲಿ ಹಸುರು ಮತ್ತು ಹಳದಿ 1822ರ ಸಾಮ್ರಾಜ್ಯಕಾಲದಿಂದ ಇವೆ. ಹಸುರು ಚಕ್ರವರ್ತಿ ಒಂದನೆಯ ಪೆದ್ರೋವಿನ ಮನೆತನದ್ದು, ಹಳದಿ ಆತನ ರಾಣಿಯ ತವರಿನದು. ಕಾಡು ಹಸುರು, ಚಿನ್ನ ಹಳದಿ ಎಂಬ ವ್ಯಾಖ್ಯಾನ ಅನಂತರ ಜನ ಕಟ್ಟಿದ್ದು. ಆದರೆ ಆ ದೇಶದ ಕಾಲ್ಚೆಂಡಿನ ಪಂಗಡ 1950ರಲ್ಲಿ ಆಡುತ್ತಿದ್ದದ್ದು ಬಿಳಿಯ ಅಂಗಿಯಲ್ಲಿ. ಆ ವರ್ಷದ ಜುಲೈ 16ರಂದು ತಮ್ಮದೇ ನೆಲದಲ್ಲಿ, ಸರಿಸಮ ಮಾಡಿಕೊಂಡಿದ್ದರೂ ಸಾಕಾಗಿದ್ದ ಪಂದ್ಯದಲ್ಲಿ, ಅವರು ಉರುಗ್ವೆಗೆ 2-1ರಿಂದ ಸೋತರು. ದೇಶವೇ ಸೂತಕ ಹಿಡಿದಂತಾಯಿತು. ಬಿಳಿಯ ಅಂಗಿ ಅಪಶಕುನವೆನಿಸಿತು. 1953ರಲ್ಲಿ ಪತ್ರಿಕೆಯೊಂದು ಹೊಸ ಉಡುಪಿಗಾಗಿ ಸ್ಪರ್ಧೆ ಏರ್ಪಡಿಸಿತು. ಬಾವುಟದ ನಾಲ್ಕು ಬಣ್ಣಗಳೂ ಇರಲೇಬೇಕೆಂಬ ನಿಬಂಧನೆ. ನಾಲ್ಕು ಬಣ್ಣಗಳನ್ನು ಒಂದು ಮೈಯ ಮೇಲೆ ಹೊಂದಿಸುವುದು ಎಷ್ಟು ಕಷ್ಟ! ಗೆದ್ದವನು ಉರುಗ್ವೆಯ ಗಡಿಯ ಕಡೆಯ ಹುಡುಗ, ಆಲ್ದಿರ್ ಗಾರ್ಸಿಯ ಷ್ಲೀ. ಮುಂದೆ ಸಾಹಿತಿಯೆಂದು ಹೆಸರಾಗಿ 2018ರಲ್ಲಿ ತೀರಿಕೊಂಡನು. ಅವನು ಮಾಡಿದ ಉಪಾಯ ಸರಳ. ಅಂಗಿಯೆಲ್ಲ ಹಳದಿ, ಕೊರಳಪಟ್ಟಿಗೂ ತೋಳಿನ ಅಂಚಿಗೂ ಮಾತ್ರ ಹಸುರು, ಚಲ್ಲಣ ನೀಲಿ, ಕಾಲುಚೀಲ ಬಿಳಿ. ಹುಚ್ಚೆಳ್ಳಿನ ಹೊಲವನ್ನು ತಿರುವಿಹಾಕಿದಂತೆ ಇಲ್ಲಿ ಹಳದಿಯೇ ಹೊಲ, ಹಸುರೇ ಸಾಲು. ಹಸುರು ಹುಲ್ಲಿನ ಮೇಲೆ ಓಡುವವರಿಗೆ ಇದೇ ಸರಿ. ಹುಲ್ಲು ಆಗಲೇ ಹಸುರಿನ ಪಾಲನ್ನು ಒದಗಿಸಿದೆಯಲ್ಲ!

ನನ್ನ ಚೀಟಿಗಳ ಕಥೆ ಉಳಿಯಿತು. ಆತ ಮನೆಗೆ ಬಂದು ಹೋದ ಮೇಲೆ ಬಂದ ವಾರ್ಷಿಕೋತ್ಸವಕ್ಕೂ ನಾನು ಹಳದಿ ಹಸುರುಗಳನ್ನು ಬಿಡಲಿಲ್ಲ; ಆ ಹುಚ್ಚು ಹೋಗುವಂಥದಲ್ಲ. ಆದರೆ ಹಸುರನ್ನು ಹಲಸಿನ ಎಲೆಯಷ್ಟು ಕೆಳಗಿಳಿಸಿ ಅಕ್ಷರಗಳನ್ನು ಅದರ ಮೇಲೆ ಬಿಳಿಯಾಗಿ ಬಿಡಿಸಿದೆ; ಹಳದಿಯ ಮೇಲೆ ಕಪ್ಪು ಅಕ್ಷರ. ಪಂಕ್ತಿಯ ಹೆಸರನ್ನು ದೊಡ್ಡದಾಗಿ ಅಚ್ಚು ಹಾಕಿಸಿದೆ. ಸಾಲದೆಂದು ಹಸುರು ಚೀಟಿಗಳ ಒಂದು ಮೂಲೆಯನ್ನು ಕತ್ತರಿಸಿಯೂ ಇಟ್ಟೆ; ಕಣ್ಣು ಮುಚ್ಚಿಕೊ೦ಡು ಹಂಚಿದರೂ ತಪ್ಪು ಬಾರದು. ಹಿಂದೆ ನಕ್ಕ ಹುಡುಗರಲ್ಲಿ ಉಳಿದಿದ್ದವರನ್ನು ಕರೆದು, ಅಂದು ತಪ್ಪಿದ್ದು ಯಾರೆಂಬುದನ್ನು ಹೇಳಿದೆ.

ಆ ವಿದ್ಯಾರ್ಥಿ ಈಗ ತನ್ನ ಊರಿನ ಸಮೀಪದಲ್ಲಿಯೇ ಶಾಲೆಯ ಉಪಾಧ್ಯಾಯ. ಒಂದು ಕಾರ್ತಿಕದಲ್ಲಿ ನನ್ನನ್ನು ಮನೆಗೆ ಊಟಕ್ಕೆ ಕರೆದಿದ್ದ. ಬಸ್ಸಿಳಿದು ಬದುವಿನ ಮೇಲೆ ನಡೆಯುತ್ತಿರುವಾಗ ಎರಡು ಕಡೆಯೂ ರಾಗಿ, ನಡುನಡುವೆ ಹುಚ್ಚೆಳ್ಳು. ನನ್ನ ಬಾಯಿ ಸುಮ್ಮನಿರಲಿಲ್ಲ, “ನಿನಗೆ ಇದು ಹೇಗೆ ಕಾಣುತ್ತದಪ್ಪ?” ಎಂದು ಕೇಳಿಬಿಟ್ಟೆ. ಅವನು ಸ್ವಲ್ಪ ಹೊತ್ತು ನಿಂತು ನೋಡಿ, “ಹೂವು ಚೆನ್ನಾಗಿಯೇ ಗೊತ್ತಾಗುತ್ತದೆ ಸಾರ್. ಆ ಸಾಲಿಗೆ ಮಾತ್ರ ಬಿಸಿಲು ಬಿದ್ದ ಹಾಗೆ ಇರುತ್ತದೆ. ಉಳಿದದ್ದು ನೆರಳಲ್ಲಿರುವ ಹಾಗೆ” ಎಂದ. ಆಗ ಮೇಲೆ ಮೋಡ ಮುಚ್ಚಿತ್ತು. ಬಿಸಿಲು ಎಲ್ಲಿಯೂ ಇರಲಿಲ್ಲ. ಮಧ್ಯಾಹ್ನ ಅವರ ತಾಯಿಯವರು ಬಿಸಿ ಮುದ್ದೆಯ ಜತೆಗೆ ಹುಚ್ಚೆಳ್ಳಿನ ಚಟ್ನಿಪುಡಿಯನ್ನು ಬಡಿಸಿದರು.